ಬರೆಕಲ್ಲು ಗುಡ್ಡದ ಎತ್ತು

ಒದ್ದೆ ವಿಭೂತಿ ಕಲ್ಲಿನ ಮೇಲೆ ಎಷ್ಟು ದಿನ ನಿಲ್ಲುತ್ತದೆ? ಹಣೆಯ ಮೇಲಾದರೆ ಮಧ್ಯಾಹ್ನದೊಳಗೆ ಬೆವರಿಗೆ ಅರ್ಧ ಹೋಗುತ್ತದೆ, ಸಂಜೆ ಮುಖ ತೊಳೆದರೆ ಉಳಿದದ್ದೂ ಇಲ್ಲ. ಆದರೆ ಕಲ್ಲಿಗೆ ಬೆವರಿಲ್ಲ. ಮಳೆ ದೀಪಾವಳಿಗೇ ಮುಗಿದಿತ್ತು. ಮುಗಿಯದಿದ್ದರೂ ಆ ಬಂಡೆ ಮುಂದಕ್ಕೆ ಚಾಚಿಕೊಂಡಿರುವುದರಿಂದ ಹನಿ ಒಳಗೆ ಬೀಳುವುದಿಲ್ಲ. ಸಾವಿರಾರು ವರ್ಷ ಆ ಎತ್ತಿನ ಚಿತ್ರದ ಕೆಮ್ಮಣ್ಣಿನ ಬಣ್ಣ ಉಳಿದಿರುವುದೇ ಹಾಗೆ. ಇನ್ನು ಗಾಳಿ. ಇನ್ನು ಮಂಜು. ಪುಷ್ಯಮಾಸದ ಮಂಜು ಬಂಡೆಯ ಅಡಿಗೂ ನುಗ್ಗುತ್ತದಲ್ಲ, ನುಗ್ಗಿದರೆ ಮೂರು ತಿಂಗಳಲ್ಲಿ ಮೂರು ಗೆರೆ ಅಳಿಯದೆ ಇರುತ್ತವೆಯೆ? ಅಳಿದಿರುತ್ತವೆ ಎಂದು ಕರಿಬಸವರಾಜ ತನಗೆ ತಾನೇ ಹೇಳಿಕೊಂಡ. ದಾವಣಗೆರೆ ಬಿಟ್ಟಾಗಿನಿಂದ ಇದು ಎಷ್ಟನೆಯ ಸಲವೋ. ಹೇಳಿಕೊಂಡ ಮರುಕ್ಷಣವೇ ಇನ್ನೊಂದು ಭಯ ಎದ್ದಿತು. ಹಣೆಯ ಮೇಲಿನ ಮೂರು ಗೆರೆ ಅಳಿದಿದ್ದರೆ ಮೈಸುತ್ತ ಎಳೆದ ಬಿಳಿ ಅಂಚೂ ಅಳಿದಿರುತ್ತದೆ. ಆ ಬಿಳಿ ಅಂಚನ್ನು ಕಣ್ಣಾರೆ ಕಾಣುವುದಕ್ಕೆಂದೇ ಮುಂದಿನ ಸೀಟಿನಲ್ಲಿ ಪುಣೆಯಿಂದ ಬಂದ ಮುದುಕರು ಕೂತಿದ್ದಾರೆ. ಇದ್ದರೂ ಕೆಟ್ಟಿತು, ಇಲ್ಲದಿದ್ದರೂ ಕೆಟ್ಟಿತು.

ವ್ಯಾನು ಹರಿಹರ ದಾಟಿ ತುಂಗಭದ್ರೆಯ ಸೇತುವೆಗೆ ಬಂದಿತ್ತು. ಕೆಳಗೆ ನೀರು ಕಡಿಮೆ. ಮರಳಿನ ಮೇಲೆ ಅಗಸರು ಸೀರೆಗಳನ್ನು ಉದ್ದಕ್ಕೆ ಹಾಸಿದ್ದರು. ಚಿಕ್ಕಂದಿನಲ್ಲಿ ಶಾಮನೂರಿನಿಂದ ಅಪ್ಪನ ಜೊತೆ ಗಾಡಿಯಲ್ಲಿ ಇಲ್ಲಿಗೆ ಬಂದಾಗ, ಈ ಸೇತುವೆಯ ಆಚೆ ಮುಂಬಯಿ ಸರ್ಕಾರ, ಅಲ್ಲಿ ಬೇರೆ ಕಾನೂನು ಎಂದು ಅಪ್ಪ ಹೇಳಿದ್ದ. ಒಂದು ಕಡೆ ಮಾಡಿದ ತಪ್ಪು ಇನ್ನೊಂದು ಕಡೆ ತಪ್ಪಲ್ಲ ಎಂದು ಹುಡುಗ ಅರ್ಥಮಾಡಿಕೊಂಡು, ಬಹಳ ದಿನ ಸೇತುವೆಯ ಬಗ್ಗೆ ಯೋಚಿಸುತ್ತಿದ್ದ. ಈಗ ಎರಡೂ ದಡ ಒಂದೇ ರಾಜ್ಯ. ಡ್ರೈವರ್ ಖಾಜಾ ಹುಸೇನ್ ಗೇರು ಬದಲಿಸುತ್ತ ಹಿಂದಕ್ಕೆ ಕೂಗಿದ.

“ಏನ್ರಿ ಸಣ್ ಮೇಷ್ಟ್ರೆ, ಡೇರೆ ಗಂಟಿನ ಮಧ್ಯ ಉಸಿರು ಐತೋ ಇಲ್ಲೋ? ಕಲ್ಲಾಗಿನ ಎತ್ತು ನೋಡಾಕೆ ಇಷ್ಟು ದೂರ ಪೆಟ್ರೋಲ್ ಸುಡ್ತೀರಲ್ಲ, ನಿಟ್ಟುವಳ್ಳೀಲಿ ನನ್ನ ಮನಿ ಮುಂದೆ ನಾಕು ಕಟ್ಯಾರೆ. ಜೀವಂತ. ಸಗಣೀನೂ ಹಾಕ್ತಾವೆ.”

ಪ್ರೊಫೆಸರ್ ಮುರುಗೇಶಪ್ಪನವರು ದೊಡ್ಡದಾಗಿ ನಕ್ಕರು. ಅವರು ಇವತ್ತು ಎಲ್ಲದಕ್ಕೂ ನಗುತ್ತಿದ್ದರು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದ ಮೇಲೆ ಅವರದೊಂದು ಲೇಖನ ಪುಣೆಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ಓದಿ ಇಂಥ ದೊಡ್ಡ ವಿದ್ವಾಂಸರು ತಾವಾಗಿಯೇ ಬಂದಿದ್ದರು. ಇವರು ಒಳ್ಳೆಯ ವರದಿ ಬರೆದರೆ ಸರ್ಕಾರ ಬರೆಕಲ್ಲು ಗುಡ್ಡವನ್ನೂ ಸುತ್ತಲಿನ ಕಾಡನ್ನೂ ಸೇರಿಸಿ ರಾಷ್ಟ್ರೀಯ ಉದ್ಯಾನ ಮಾಡುತ್ತದೆ ಎಂಬ ಮಾತು ನಡೆದಿತ್ತು. ವಿದ್ವಾಂಸರು ಪುಣೆಯಲ್ಲಿದ್ದರೂ ಹುಟ್ಟಿದ್ದು ಧಾರವಾಡದ ಕಡೆ, ಮಾತು ಕಡಿಮೆ. ತೊಡೆಯ ಮೇಲೆ ಆ ಪತ್ರಿಕೆ ತೆರೆದುಕೊಂಡು ಫೋಟೋ ನೋಡುತ್ತಿದ್ದರು.

“ಎತ್ತು ಕೆಂಪು ಬಣ್ಣದ್ದು ಅಂತೀರಿ. ಅಂಚು ಇಷ್ಟು ಬೆಳ್ಳಗ ಹೆಂಗ?”

“ಅದೇ ಸಾರ್ ವಿಶೇಷ. ಎರಡು ಬಣ್ಣದ ಶೈಲಿ! ಈ ಸೀಮೇಲಿ ಎಲ್ಲೂ ಇಲ್ಲ. ನಮ್ಮ ಬಸವರಾಜನೇ ಫೋಟೋ ತೆಗೆದದ್ದು. ನನ್ನ ಕಾಲು ಉಳುಕಿತ್ತು, ನಾನಿನ್ನೂ ಕಣ್ಣಾರೆ ನೋಡಿಲ್ಲ ನೋಡ್ರಿ, ಇವತ್ತೇ ಮೊದಲು.”

ವಿದ್ವಾಂಸರು ತಿರುಗಿ ಕರಿಬಸವರಾಜನನ್ನು ನೋಡಿದರು. ಅವನು ನಗಬೇಕೆಂದುಕೊಂಡ. ಮುಖದಲ್ಲಿ ಏನು ಮೂಡಿತೋ ಅವನಿಗೆ ತಿಳಿಯಲಿಲ್ಲ. ಎರಡು ಬಣ್ಣದ ಶೈಲಿ ಎಂಬ ಮಾತನ್ನು ಅವನು ಮೊದಲು ಕೇಳಿದ್ದು ಪಿ.ಜೆ. ಬಡಾವಣೆಯ ಅವರ ಮನೆಯ ಪಡಸಾಲೆಯಲ್ಲಿ. ಸ್ಟುಡಿಯೋದಿಂದ ತಂದ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರು ಮಗುವಿನ ಹಾಗೆ ಕೂಗಿದ್ದರು. ಇವನು ಬಾಯಿ ತೆರೆದಿದ್ದ. ಸಾರ್, ಅದು ಅಂಚಲ್ಲ, ಕಲ್ಲಿನಲ್ಲಿ ಬಣ್ಣ ಎಷ್ಟು ಮಾಸಿತ್ತೆಂದರೆ ಕ್ಯಾಮರಾಕ್ಕೆ ಏನೂ ಕಾಣುತ್ತಿರಲಿಲ್ಲ, ಅದಕ್ಕೆ ನಾನೇ ಎಂದು ಹೇಳಹೊರಟಿದ್ದ. ಅಷ್ಟರಲ್ಲಿ ಅವರು, “ಜೂನ್‌ನಾಗೆ ನಿನ್ನ ಟ್ಯೂಟರ್ ಕೆಲಸ ಕಾಯಂ ಮಾಡಿಸ್ತೀನಯ್ಯ, ಬರೆದಿಟ್ಕೋ,” ಎಂದು ಹೆಗಲು ತಟ್ಟಿ, ಒಳಗೆ ಕಾಫಿಗೆ ಹೇಳಿದರು. ಕಾಫಿ ಬಂತು. ಅವನು ಕುಡಿದ. ಕುಡಿದು ಮುಗಿಸಿದ ಮೇಲೆ ಹೇಳೋಣವೆಂದುಕೊಂಡ. ಮುಗಿಸಿದ ಮೇಲೆ ಲೋಟ ಎಲ್ಲಿಡಬೇಕೆಂಬುದೇ ದೊಡ್ಡ ಪ್ರಶ್ನೆಯಾಯಿತು. ಕೊನೆಗೆ ನಮಸ್ಕಾರ ಮಾಡಿ ಬಂದುಬಿಟ್ಟ. ದಾರಿಯುದ್ದಕ್ಕೂ, ನಾಳೆ ಹೇಳಿದರಾಯಿತು ಎಂಬ ಸಮಾಧಾನ ಕಾಫಿಯ ರುಚಿಯ ಹಾಗೆ ನಾಲಿಗೆಯ ಮೇಲೆಯೇ ಇತ್ತು.

ಅಂಚಿನ ವಿಷಯವನ್ನಾದರೂ ಹೇಳಬಹುದಿತ್ತು. ಮಾಸಿದ ಚಿತ್ರಕ್ಕೆ ಸೀಮೆಸುಣ್ಣದ ಗೆರೆ ಎಳೆದು ಫೋಟೋ ತೆಗೆಯುವವರು ಇದ್ದಾರೆಂದು ಅವನು ಓದಿದ್ದ. ಆ ದಿನ ಸೀಮೆಸುಣ್ಣ ಕೆಳಗೆ ಡೇರೆಯಲ್ಲೇ ಉಳಿದಿತ್ತು. ಜೇಬಿನಲ್ಲಿ ಇದ್ದದ್ದು ಅವ್ವ ದ್ರಾಕ್ಷಾಯಣಮ್ಮ ಕಾಗದದಲ್ಲಿ ಸುತ್ತಿ ಕೊಟ್ಟಿದ್ದ ವಿಭೂತಿ ಗಟ್ಟಿ. ಕಾಡಿನಲ್ಲಿ ಮಲಗುತ್ತೀಯ, ಲಿಂಗಪೂಜೆ ತಪ್ಪಿಸಬೇಡ ಎಂದು ಕೊಟ್ಟದ್ದು. ಜೊತೆಗೆ ಬಂದಿದ್ದ ಕಾಡಿನ ವಾಚರ್ ಅಂಜಿನಪ್ಪನನ್ನು ಒರತೆಗೆ ನೀರು ತರಲು ಕಳಿಸಿ, ಬಾಟಲಿಯ ತಳದಲ್ಲಿದ್ದ ನೀರಿನಲ್ಲಿ ಗಟ್ಟಿಯನ್ನು ಅಂಗೈಗೆ ತೇದು, ತೋರುಬೆರಳಿನಿಂದ ಎತ್ತಿನ ಬೆನ್ನು, ಹೆಗಲ ಮೇಲಿನ ಇಣಿ, ಉದ್ದ ಕೊಂಬು ಎಲ್ಲದರ ಸುತ್ತ ಎಳೆದ. ಕಲ್ಲು ತಣ್ಣಗಿತ್ತು. ಕೆಳಗಡೆ ಅದೇ ಬಣ್ಣದಲ್ಲಿ ಕೈಕೈ ಹಿಡಿದು ನಿಂತ ಒಂಬತ್ತು ಜನರ ಸಾಲು; ಅವರನ್ನು ಮುಟ್ಟಲಿಲ್ಲ. ಫೋಟೋ ತೆಗೆದ. ಅಲ್ಲಿಗೆ ಮುಗಿಯಬೇಕಿತ್ತು. ಬೆರಳಲ್ಲಿ ಇನ್ನೂ ವಿಭೂತಿ ಉಳಿದಿತ್ತು. ಒರೆಸಿಕೊಳ್ಳುವ ಬದಲು ಕೈ ತಾನಾಗಿ ಎದ್ದು, ಮೂರು ಬೆರಳು ಜೋಡಿಸಿ, ಎತ್ತಿನ ಹಣೆಯ ಮೇಲೆ ಅಡ್ಡ ಎಳೆದುಬಿಟ್ಟಿತು. ಬಸವ ಜಯಂತಿಯ ದಿನ ಮನೆಯ ಎತ್ತುಗಳಿಗೆ ಅಪ್ಪ ಎಳೆಯುತ್ತಿದ್ದ ಹಾಗೆ. ಭಕ್ತಿಯಿಂದಲೆ? ಅಲ್ಲ. ಅವನು ಹೈಸ್ಕೂಲು ಮುಗಿಸುವ ಹೊತ್ತಿಗೆ ಭಕ್ತಿಯನ್ನು ಬಿಟ್ಟಿದ್ದ, ವಿಭೂತಿ ಬಿಟ್ಟಿರಲಿಲ್ಲ, ಅಷ್ಟೆ. ಬೇಡದ ಕೆಲಸವನ್ನು ಕೈ ಏಕೆ ಮಾಡಿತು ಎಂಬುದು ಮೂರು ತಿಂಗಳಿಂದ ಬಗೆಹರಿದಿರಲಿಲ್ಲ. ನೀರು ಬಂದ ಮೇಲೆ ಎಲ್ಲವನ್ನೂ ತೊಳೆಯಬೇಕೆಂದಿದ್ದ; ಅಂಜಿನಪ್ಪ ಬಿಂದಿಗೆ ಹೊತ್ತು ಬಂದವನೇ, “ಕರಡಿ ತಿರುಗೋ ಹೊತ್ತಾತು, ಇಳೀರಿ, ಇಳೀರಿ,” ಎಂದು ಅವಸರ ಮಾಡಿದ. ಇಳಿದ.

ಗುಡ್ಡದ ಬುಡದ ಹಳ್ಳದ ಬಳಿ ವ್ಯಾನು ನಿಂತಾಗ ಬಿಸಿಲು ಏರಿತ್ತು. ಕಮರ, ತುಗ್ಗಲಿ, ಕಾರೆಯ ಮುಳ್ಳು. ನಡುನಡುವೆ ಎಲೆ ಉದುರಿಸಿಕೊಂಡ ದಿಂಡಗದ ಮರಗಳು. ಅರಣ್ಯ ಇಲಾಖೆಯ ರೇಂಜರು ಮೊದಲೇ ಬಂದು ಜೀಪಿನ ನೆರಳಲ್ಲಿ ಸಿಗರೇಟು ಸೇದುತ್ತಿದ್ದ. ಅಂಜಿನಪ್ಪ ಎಲ್ಲಿಂದಲೋ ಒಂದು ಹಳೆಯ ಖಾಕಿ ಅಂಗಿ ಸಂಪಾದಿಸಿದ್ದ. ತೋಳು ಉದ್ದವಾಗಿ ಬೆರಳುಗಳನ್ನು ಮುಚ್ಚಿತ್ತು. ಅವನದು ದಿನಗೂಲಿ ಕೆಲಸ. ಉದ್ಯಾನವಾದರೆ ಅವನನ್ನು ಗಾರ್ಡ್ ಮಾಡುತ್ತಾರೆ, ಖಾಕಿ ಸರ್ಕಾರದ್ದೇ ಬರುತ್ತದೆ ಎಂದು ಹೋದ ಸಲ ಮೂರು ದಿನದಲ್ಲಿ ಮೂವತ್ತು ಸಲ ಹೇಳಿದ್ದ. ಡೇರೆಯ ಗೂಟ ಬಡಿಯುತ್ತ ಈಗಲೂ ಅದನ್ನೇ ಹೇಳಿದ. “ನಿಮ್ಮ ಫೋಟೋ ಪುಣ್ಯ ಸಾಹೇಬ್ರೆ. ನಮ್ಮ ಗುಡ್ಡದ ಹೆಸ್ರು ಪ್ಯಾಟಿಗೆ ಮುಟ್ತು.” ಕರಿಬಸವರಾಜ ಹಗ್ಗ ಎಳೆದು ಹಿಡಿದಿದ್ದ. ಮೇಲಿನ ಚಿತ್ರ ಹೇಗಿದೆ ಎಂದು ಕೇಳಬೇಕೆಂದುಕೊಂಡ. ಅಂಜಿನಪ್ಪ ಏಕೋ ಅವನ ಮುಖ ನೋಡದೆ ಗೂಟವನ್ನೇ ನೋಡಿ ಬಡಿಯುತ್ತಿದ್ದ. ಒಳ್ಳೆಯ ಗಟ್ಟಿ ನೆಲವಾದ್ದರಿಂದ ಇರಬೇಕು.

ಹತ್ತುವಾಗಲೇ ಕಾಲುದಾರಿ ಅಗಲವಾಗಿರುವುದು ಕಂಡಿತು. ಹೋದ ಸಲ ಮುಳ್ಳು ಸರಿಸಿ ನಡೆದ ಕಡೆ ಈಗ ನೆಲ ಸವೆದು ನುಣ್ಣಗಾಗಿತ್ತು. ಒಂದು ಕಡೆ ತೆಂಗಿನ ನಾರು. ಇನ್ನೊಂದು ಕಡೆ ಬಾಳೆಹಣ್ಣಿನ ಸಿಪ್ಪೆ. ಕರಿಬಸವರಾಜನಿಗೆ ಯಾರೋ ಸತ್ತ ಮನೆಗೆ ವಿಷಯ ತಿಳಿಯದವನಂತೆ ಹೋಗುತ್ತಿರುವೆ ಎನ್ನಿಸಿತು. ಪ್ರೊಫೆಸರು ಏದುಸಿರು ಬಿಡುತ್ತ, “ಜನ ಓಡಾಡ್ತಾರಲ್ಲ ಇಲ್ಲಿ!” ಎಂದರು.

ಬಂಡೆಯ ಮುಂದೆ ಒಬ್ಬ ಹೆಂಗಸು ಕಸ ಗುಡಿಸುತ್ತಿದ್ದಳು. ತುಂಬಿದ ಬಸುರಿ. ಅಂಜಿನಪ್ಪನ ಹೆಂಡತಿ ಉಚ್ಚಂಗಮ್ಮ. ಬಂದವರನ್ನು ಕಂಡು ಸೆರಗು ಸರಿಮಾಡಿಕೊಂಡು, ಕರಿಬಸವರಾಜನ ಗುರುತು ಹಿಡಿದವಳೇ, ಪೊರಕೆ ಹಾಕಿ ಬಂದು ಅವನ ಕಾಲು ಮುಟ್ಟಲು ಬಗ್ಗಿದಳು. ಹೊಟ್ಟೆ ಅಡ್ಡ ಬಂದು ಅರ್ಧಕ್ಕೇ ನಿಂತಳು. “ಇವರೇ ನೋಡ್ರಿ! ಈಯಪ್ಪ ಬಂದು ಹೋದ ಮಾರನೇ ದಿನಾನೇ ಬಸಪ್ಪ ಎದ್ದಿದ್ದು. ನಿಮ್ಮ ಕಾಲ್ಗುಣ ಅಣ್ಣಾರೆ. ಸೌದೆಗೆ ಬಂದಿದ್ದೆ ನಾನು. ನೋಡ್ತೀನಿ, ಮೈಗೆಲ್ಲ ಬೆಳಕು, ಹಣೀಗೆ ಮೂರು ಬಟ್ಟು ವಿಭೂತಿ, ತಾನಾಗೇ ಮೂಡೈತೆ! ಎರಡು ಮಣ್ಣು ಮಾಡಿದೋಳು ನಾನು. ಅಲ್ಲೇ ಬಿದ್ದು ಅತ್ತು ಕೇಳ್ಕಂಡೆ. ಈಗ ಏಳು ತಿಂಗಳು.” ಖಾಜಾ ಹುಸೇನ್ ಹಿಂದಿನಿಂದ, “ಮೂರು ತಿಂಗಳಿನ ದೇವ್ರಿಗೆ ಏಳು ತಿಂಗಳ ಪ್ರಸಾದ ಹೆಂಗಮ್ಮ?” ಎಂದ. ಅವಳಿಗೆ ಸಿಟ್ಟು ಬರಲಿಲ್ಲ. “ಹೊಟ್ಟೇಲಿ ನಿಲ್ಲಿಸ್ದೋನು ಅವನಲ್ಲೇನಪ್ಪ? ಮದ್ಲಿನ ಎರಡೂ ನಾಕಕ್ಕೇ ಹೋಗಿದ್ವು,” ಎಂದಳು.

ಎತ್ತು ಇರಲಿಲ್ಲ. ಎತ್ತಿದ್ದ ಜಾಗದಲ್ಲಿ ಬಿಳಿಯ ಬಣ್ಣ ಬಳಿದ ಒಂದು ದೊಡ್ಡ ಬಸವಣ್ಣ ಇತ್ತು. ಬೋರ್ಡು ಬರೆಯುವವನೊಬ್ಬನನ್ನು ಊರವರು ಕರೆಸಿದ್ದರು. ಕೊಂಬಿಗೆ ನೀಲಿ, ಗೊರಸಿಗೆ ಹಳದಿ, ಕುತ್ತಿಗೆಗೆ ಗಂಟೆಯ ಸರ. ಮನುಷ್ಯರ ಕಣ್ಣಿನಂಥ ಎರಡು ಕಣ್ಣು, ರೆಪ್ಪೆಯ ಸಮೇತ. ಹಣೆಯ ಮೂರು ಗೆರೆಗಳನ್ನು ಬೆಳ್ಳಿಯ ಬಣ್ಣದಲ್ಲಿ ಮತ್ತೆ ತಿದ್ದಿದ್ದರು. ಎಣ್ಣೆ ಸುರಿದು ಸುರಿದು ಬಂಡೆ ಕಪ್ಪಗೆ ಮಿರುಗುತ್ತಿತ್ತು. ಕೆಳಗೆ ಸಿಮೆಂಟಿನ ಕಟ್ಟೆ, ಅದರ ಮೇಲೆ ದೀಪಗಳ ಸಾಲು. ಕೈಕೈ ಹಿಡಿದ ಒಂಬತ್ತು ಜನ ಕಟ್ಟೆಯ ಹಿಂದೆ ಎಲ್ಲೋ. ಪ್ರೊಫೆಸರ್ ಮುರುಗೇಶಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಕಟ್ಟೆಯ ಮೇಲೆಯೇ ಕುಸಿದು ಕೂತರು. ಅವರ ಪಂಚೆಗೆ ಎಣ್ಣೆಯಾಯಿತು. ವಿದ್ವಾಂಸರು ಭೂತಗನ್ನಡಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

“ಯಾವನಲೇ ಇದನ್ನ ಶುರು ಮಾಡ್ದೋನು?” ರೇಂಜರು ಅಂಜಿನಪ್ಪನತ್ತ ತಿರುಗಿದ. “ನಿನ್ನ ಬಿಟ್ಟಿದ್ದು ಕಾಯಾಕೆ. ಬಾಯಲ್ಲಿ ಏನು ಇಟ್ಕಂಡಿದ್ದೆ?”

“ಜನ ಕೇಳಲಿಲ್ಲ ಸ್ವಾಮಿ. ಬ್ಯಾಡ ಅಂದ್ರೆ ಹೊಡ್ಯಾಕೆ ಬಂದ್ರು.”

“ಜನ ಆಮೇಲೆ ಬಂದ್ರು. ಮದ್ಲು ವಿಭೂತಿ ಹಚ್ಚಿದ್ಯಾರು? ಕಲ್ಲು ತಾನಾಗೇ ಸ್ನಾನ ಮಾಡಿ ಹಚ್ಕಂತೇನು? ನೀನು, ಇಲ್ಲ ನಿನ್ನ ಹೆಂಡ್ತಿ. ಸೋಮವಾರ ಸೋಮವಾರ ಕಾಯಿ ಹೋಳು ತಿನ್ನಾಕೆ.”

ಈಗ ಹೇಳಬೇಕು. ಕರಿಬಸವರಾಜನಿಗೆ ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ ಮಾತುಗಳು ಜೋಡಿಸಿಟ್ಟ ಹಾಗೆ ಬಾಯಲ್ಲಿದ್ದವು: ನಾನು ಹಚ್ಚಿದ್ದು. ಎರಡೇ ಪದ. ಹೇಳಿದರೆ ಮೊದಲು ಯಾರು ತಿರುಗುತ್ತಾರೆ? ಪ್ರೊಫೆಸರು. ಅವರ ಮನಸ್ಸಿಗೆ ಮೊದಲು ಎತ್ತು ಹೊಳೆಯುವುದಿಲ್ಲ, ಪತ್ರಿಕೆ ಹೊಳೆಯುತ್ತದೆ, ಎರಡು ಬಣ್ಣದ ಶೈಲಿ ಹೊಳೆಯುತ್ತದೆ. ಆಮೇಲೆ ಜೂನ್ ತಿಂಗಳು. ಆಮೇಲೆ ಕಾಲೇಜಿನ ಸ್ಟಾಫ್ ರೂಮು, ಅಲ್ಲಿ ನಗು. ಇಷ್ಟನ್ನೂ ಒಂದು ಉಸಿರಿನೊಳಗೆ ಯೋಚಿಸಿ ಮುಗಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು. ಅಸಹ್ಯವಾಗುವಷ್ಟು ಒಳ್ಳೆಯವನು ತಾನು ಎಂದು ಒಂದು ಕ್ಷಣ ಸಮಾಧಾನವೂ ಆಯಿತು. ಅಂಜಿನಪ್ಪ ಆ ಉದ್ದ ತೋಳಿನೊಳಗೆ ಕೈ ಮುಚ್ಚಿಕೊಂಡು ನಿಂತಿದ್ದ. ಉಚ್ಚಂಗಮ್ಮ, “ನನ್ನ ಗಂಡ ಯಾಕೆ ಹಚ್ತಾನೆ ಸ್ವಾಮಿ, ದೇವ್ರು ತಾನಾಗೇ,” ಎಂದು ಶುರುಮಾಡಿದಳು. ರೇಂಜರು ಅವಳನ್ನು ನೋಡದೆ ಕರಿಬಸವರಾಜನನ್ನು ಕೇಳಿದ: “ನೀವು ಹೋದ ಸಲ ನೋಡ್ದಾಗ ಹಣೆ ಮೇಲೆ ಏನಾದ್ರೂ ಇತ್ತೇನ್ರಿ?”

ಎಲ್ಲರೂ ಅವನತ್ತ ನೋಡಿದರು. ಅಂಜಿನಪ್ಪ ಮಾತ್ರ ನೆಲ ನೋಡುತ್ತಿದ್ದ.

“ಇಲ್ಲ,” ಎಂದ ಕರಿಬಸವರಾಜ. ತನ್ನ ಧ್ವನಿ ಇಷ್ಟು ಸಹಜವಾಗಿ ಹೊರಟದ್ದು ಕೇಳಿ ಅವನಿಗೇ ಹೆದರಿಕೆಯಾಯಿತು.

“ಮತ್ತೆ?” ರೇಂಜರು ಅಂಜಿನಪ್ಪನ ಎದೆಗೆ ಬೆರಳಿನಿಂದ ಚುಚ್ಚಿದ. “ಹೇಳಲೇ. ನೀನೇ ಅಲ್ಲೇನು?”

ಬಂಡೆಯ ಮೇಲಿನಿಂದ ಒಂದು ಓತಿಕ್ಯಾತ ಇಣುಕಿ ಹೋಯಿತು. “ನಾನು ಹಚ್ಚಿಲ್ಲ ಸ್ವಾಮಿ. ಯಾರೂ ಹಚ್ಚಿಲ್ಲ,” ಎಂದ ಅಂಜಿನಪ್ಪ. “ಅದಾಗೇ ಮೂಡಿದ್ದು.” ರೇಂಜರು ಅವನ ಕೆನ್ನೆಗೆ ಹೊಡೆದ. ಹೊಡೆತಕ್ಕಿಂತ ಉಚ್ಚಂಗಮ್ಮ ಉಸಿರೆಳೆದುಕೊಂಡ ಸದ್ದು ದೊಡ್ಡದಾಗಿ ಕೇಳಿಸಿತು. ಮರಳು, ಹುಣಸೆಹಣ್ಣು ತಂದು ಇದನ್ನೆಲ್ಲ ಈಗಲೇ ಉಜ್ಜು ಎಂದು ರೇಂಜರು ಕೂಗುತ್ತಿದ್ದಾಗ ವಿದ್ವಾಂಸರು ಗುಡ್ಡ ಹತ್ತಿದ ಮೇಲೆ ಮೊದಲ ಸಲ ಮಾತಾಡಿದರು. “ಬ್ಯಾಡ್ರಿ. ಉಜ್ಜಿದರ ಉಳಿದದ್ದೂ ಹೋಗತದ. ಇರಲಿ, ನಡೀರಿ.” ಇಳಿಯುವಾಗ ಅವರು ಕರಿಬಸವರಾಜನ ಪಕ್ಕದಲ್ಲೇ ನಡೆದರು. ಏನೋ ಕೇಳುತ್ತಾರೆಂದು ಅವನು ಹೆಜ್ಜೆಹೆಜ್ಜೆಗೂ ಕಾದ. ಅವರು ಏನೂ ಕೇಳಲಿಲ್ಲ. ಜಾರುವ ಕಡೆ ಅವನ ಭುಜ ಹಿಡಿದುಕೊಂಡರು, ಅಷ್ಟೆ.

ಸಂಜೆ ಡೇರೆಯ ಮುಂದೆ ಖಾಜಾ ಹುಸೇನ್ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟ. ರೇಂಜರು ಹೋಗುವ ಮೊದಲು ಅಂಜಿನಪ್ಪನಿಗೆ, ನಾಳೆಯಿಂದ ಗುಡ್ಡದ ಕಡೆ ಕಾಲಿಡಬೇಡ, ದಿನಗೂಲಿಯ ಮಸ್ಟರ್ ರೋಲಿನಲ್ಲಿ ನಿನ್ನ ಹೆಸರು ಹೊಡೆದುಹಾಕಿದೆ ಎಂದು ಹೇಳಿ ಜೀಪು ಹತ್ತಿದ್ದ. ಖಾಕಿ ಅಂಗಿ ಬಿಚ್ಚಿ ಕೊಡು ಎಂದೂ ಕೇಳಿದ್ದ. ಅದು ಇಲಾಖೆಯದಲ್ಲ, ನನ್ನ ಷಡ್ಡಕನದು ಎಂದು ಅಂಜಿನಪ್ಪ ಹೇಳಿದ ಮೇಲೆ ಬಿಟ್ಟ. ಪ್ರೊಫೆಸರು ಡೇರೆಯೊಳಗೆ ಮಡಿಸುವ ಮಂಚದ ಮೇಲೆ ಎಣ್ಣೆಯಾದ ಪಂಚೆಯಲ್ಲೇ ಕೂತಿದ್ದರು. ಕರಿಬಸವರಾಜ ಒಳಗೆ ಹೋದ. ಇಲ್ಲಿ ರೇಂಜರಿಲ್ಲ, ಹೆಂಗಸಿಲ್ಲ. ಇಲ್ಲಿ ಹೇಳಬಹುದು, ರೇಂಜರಿಗೆ ಇವರಿಂದ ಒಂದು ಕಾಗದ ಬರೆಸಬಹುದು.

“ಸಾರ್, ಆ ಅಂಜಿನಪ್ಪನ ವಿಷಯ.”

“ಅವನ ಮಾತು ಬಿಡು. ನೋಡು ಬಸವರಾಜ, ನಾನು ಈಗ ಅದನ್ನೇ ಯೋಚಿಸ್ತಿದ್ದೆ. ಮೂಲ ಹೋತು. ಇನ್ನು ಜಗತ್ತಿಗೆ ಉಳಿದಿರೋ ಸಾಕ್ಷಿ ಅಂದ್ರೆ ನಿನ್ನ ಆ ಫೋಟೋ ಒಂದೇ. ಬಿಳಿ ಅಂಚು ಇತ್ತು ಅನ್ನಾಕೆ ಅದೊಂದೇ. ಪುಣೆಯವರೂ ಈಗ ಇಲ್ಲ ಅನ್ನಾಂಗಿಲ್ಲ.” ಅವರ ಕಣ್ಣಲ್ಲಿ ನೀರಿತ್ತು. ಅದು ಯಾವುದಕ್ಕೆಂದು ಕರಿಬಸವರಾಜನಿಗೆ ತಿಳಿಯಲಿಲ್ಲ. “ನೀನು ಅವತ್ತು ಹತ್ತಿದ್ದು ಎಂಥ ಒಳ್ಳೇದಾತು. ಏನೋ ಹೇಳ್ತಿದ್ದೆಯಲ್ಲ?”

“ಊಟ ಆಗೈತಂತೆ ಸಾರ್,” ಎಂದ. ಊಟ ಆಗಿರಲಿಲ್ಲ. ಹೊರಗೆ ಬಂದು ಖಾಜಾ ಹುಸೇನನ ಪಕ್ಕ ಕೂತು, ಅನ್ನ ಬೇಗ ಆಗಲೆಂದು ಒಲೆಗೆ ಕಡ್ಡಿ ತುರುಕತೊಡಗಿದ. “ಬೆಂಕಿ ಜಾಸ್ತಿ ಆದ್ರೆ ತಳ ಹತ್ತುತ್ತೆ ಮೇಷ್ಟ್ರೆ, ಕೈ ತೆಗೀರಿ,” ಎಂದ ಅವನು. ಕೈ ತೆಗೆದ. ಆ ರಾತ್ರಿ ನಿದ್ದೆ ಬಂದದ್ದೇ ಅವನಿಗೆ ನಾಚಿಕೆ. ಕನಸಿಲ್ಲದ ಒಳ್ಳೆಯ ನಿದ್ದೆ.

ಬೆಳಿಗ್ಗೆ ಹಳ್ಳದ ನೀರಿಗೆ ಇಳಿದಾಗ ಅಂಜಿನಪ್ಪ ಅಲ್ಲಿ ಪಾತ್ರೆ ತೊಳೆಯುತ್ತಿದ್ದ. ಕಾಲಿಡಬೇಡ ಎಂದ ಮೇಲೂ ಬಂದಿದ್ದ. ಬಂದವರ ಸಾಮಾನು ಏರಿಸಿಕೊಡದೆ ಇರುವುದು ಹೇಗೆ ಎಂಬುದು ಅವನ ಲೆಕ್ಕ. ಎಡಗೆನ್ನೆ ಸ್ವಲ್ಪ ಊದಿತ್ತು. ಕರಿಬಸವರಾಜ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಇವನೊಬ್ಬನಿಗಾದರೂ ಹೇಳಬೇಕು, ಕಾಲಾದರೂ ಹಿಡಿಯಬೇಕು. “ಅಂಜಿನಪ್ಪ, ಆ ದಿನ ನಿನ್ನ ನೀರಿಗೆ ಕಳಿಸಿ ನಾನು…”

“ಗೊತ್ತೈತೆ ಸಾಹೇಬ್ರೆ.” ಅಂಜಿನಪ್ಪ ಬೂದಿಯಿಂದ ಪಾತ್ರೆಯ ತಳ ತಿಕ್ಕುತ್ತಲೇ ಹೇಳಿದ. “ನಾನು ನೀರು ತಂದು ಬಂಡೆ ಮರೆಗೆ ನಿಂತಿದ್ದೆ. ನೀವು ಪೂಜೆ ಮಾಡ್ತಿದ್ರಿ. ನಡುವೆ ಹೋಗಬಾರ್ದಲ್ಲ. ಓದಿದೋರು ನೀವು, ನಮಗೆ ಕಾಣದ್ದು ನಿಮಗೆ ಕಂಡಿತ್ತು ಅಂದ್ಕಂಡೆ.” ಪಾತ್ರೆ ತೊಳೆದು ಬೋರಲು ಹಾಕಿದ. “ಮಾರನೇ ದಿನ ಇವಳು ಅಳ್ತಾ ಬಂದು ದೇವ್ರು ಎದ್ದಾನೆ ಅಂದ್ಲು. ಮನುಷ್ಯರ ಕೈ ಕಣೇ ಅದು ಅಂತ ಹೆಂಗೆ ಹೇಳ್ಲಿ? ಈಗಂತೂ ಹೇಳಂಗೇ ಇಲ್ಲ. ಏಳು ತಿಂಗಳು. ಹೇಳಿದ್ರೆ ಎದೆ ಒಡ್ಕಂತಾಳೆ.”

ಕರಿಬಸವರಾಜ ಕೈ ನೀರಿನಲ್ಲಿಟ್ಟು ಕೂತಿದ್ದ. ನೀರು ಬಹಳ ತಣ್ಣಗಿತ್ತು.

“ನಿನ್ನೆ ನಂಗೆ ಜೀವ ಬಾಯಿಗೆ ಬಂದಿತ್ತು,” ಎಂದ ಅಂಜಿನಪ್ಪ. “ನೀವು ನನ್ನ ಉಳಿಸಾಕೆ ಹೋಗಿ ನಿಜ ಹೇಳಿಬಿಡ್ತೀರಿ ಅಂತ. ಆಕಿ ಅಲ್ಲೇ ನಿಂತಿದ್ಲಲ್ಲ. ನೀವು ಆಕಿ ಹೊಟ್ಟೆ ನೋಡಿ ಬಾಯಿ ಕಟ್ಕಂಡ್ರಿ. ರೇಂಜರ್ ಸಾಹೇಬ್ರು ಕೇಳಿದ್ರೂ ಇಲ್ಲ ಅಂದ್ರಿ. ದೊಡ್ಡ ಮನಸು ನಿಮ್ದು. ಕೆಲ್ಸ ಹೋದ್ರೆ ಹೋಗ್ಲಿ, ಹರಿಹರದಾಗೆ ಹಮಾಲಿ ಐತೆ.”

ಮೇಲಿನಿಂದ ಖಾಜಾ ಹುಸೇನ್ ಹಾರನ್ ಹೊಡೆದ. ಅಂಜಿನಪ್ಪ ತೊಳೆದ ಪಾತ್ರೆಗಳನ್ನೆಲ್ಲ ಒಂದರೊಳಗೊಂದು ಜೋಡಿಸಿ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ. ಕರಿಬಸವರಾಜ ಹಿಂದೆ ನಡೆದ. ಹಳ್ಳದಿಂದ ವ್ಯಾನಿನವರೆಗೆ ನೂರು ಹೆಜ್ಜೆ ಇದ್ದಿರಬಹುದು. ತಾನು ಸುಮ್ಮನಿದ್ದದ್ದು ಉಚ್ಚಂಗಮ್ಮನಿಗಾಗಿ ಅಲ್ಲ ಎಂದು ಅವನು ಹೇಳಲಿಲ್ಲ.